ಕಾಲರಿನೊಳಗಿನ ಕೆಂಪು ದಾರ

ಸೇನಾ ಶಿಬಿರದ ಬಟ್ಟೆ ಒಗೆದ ಎರಡು ತಿಂಗಳ ಕೂಲಿ ಇನ್ನೂ ಬಾಕಿ ಇತ್ತು. ಆದರೆ ದೋಬಿಯ ಹೆಂಡತಿ ಗೇಟಿಗೆ ಬಂದದ್ದು ಕೂಲಿ ಕೇಳಲಿಕ್ಕಲ್ಲ, ಗಂಡನನ್ನು ಕೇಳಲಿಕ್ಕೆ. ಬಂಡುಕೋರರು ಸೈನಿಕರ ಸಮವಸ್ತ್ರ ತೊಟ್ಟು ನುಗ್ಗಿ ಶಿಬಿರವನ್ನು ರಣರಂಪ ಮಾಡಿದ ಮರುದಿನವೇ, ಅವರಿಗೆ ಬಟ್ಟೆ ಕೊಟ್ಟವನು ನೀನೇ ಎಂದು ಸೇನೆಯವರು ದೋಬಿಯನ್ನು ಎಳೆದೊಯ್ದಿದ್ದರು.

"ನಾವು ಒಗೆಯೋ ಪ್ರತಿ ಅಂಗಿಯ ಕಾಲರೊಳಗೆ ಗುರುತಿಗೆ ಕೆಂಪು ದಾರ ಹೊಲಿದಿರ್ತೀವಿ, ಸಾಹೇಬ್ರೇ. ಸತ್ತ ಬಂಡುಕೋರರ ಅಂಗಿ ಮಗುಚಿ ನೋಡಿ, ದಾರ ಇಲ್ದಿದ್ರೆ ಅದು ನಮ್ಮ ಕೈಯಿಂದ ಹೋದದ್ದಲ್ಲ."

"ಹೆಣದ ಜೊತೆ ಸುಟ್ಟಾಯ್ತು, ಹೋಗಮ್ಮ," ಎಂದ ಕಾವಲಿನವನು.

"ಸಾಕ್ಷಿ ಸುಟ್ರಿ, ಕೈಗೆ ಸಿಕ್ಕ ಬಡವನ್ನ ಹಿಡಿದ್ರಿ! ಆವತ್ತು ಅವರು ನುಗ್ಗೋವಾಗ ಗೊರಕೆ ಹೊಡೀತಿದ್ರಲ್ಲ, ನಿಮಗೆ ಜೋಗುಳ ಹಾಡಿದ್ದೂ ನನ್ನ ಗಂಡನೇನಾ?"

ಅವಳು ಇವತ್ತೂ ಆ ಗೇಟಿನ ಮುಂದೆ ಕೂತಿದ್ದಾಳೆ. ಇದನ್ನೋದಿ ಅಯ್ಯೋ ಪಾಪ ಎನ್ನಬೇಡಿ. ಬಂದು ಅವಳ ಪಕ್ಕ ಕೂತು, ಅವನನ್ನು ಬಿಡಿ ಎಂದು ಕೂಗಿ.