ಎಲಿಗಾರರ ಎಣಿಕೆ

ಎಲಿಗಾರರು ಮನುಷ್ಯರನ್ನು ಬೆನ್ನ ಹಿಂದೆ ಎಣಿಸುತ್ತಿದ್ದರು. ವಿಮಾನದ ಮೆಟ್ಟಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಯಾರ ಗೊಡವೆಯೂ ಬೇಡದವರಂತೆ ನಿಂತಿರುತ್ತಿದ್ದರು. ಪ್ರಯಾಣಿಕರು ಸಾಲಾಗಿ ಮೆಟ್ಟಿಲು ಹತ್ತುವಾಗ ಅವರ ಬಲಗೈ ಹೆಬ್ಬೆರಳು ಮಾತ್ರ ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಸರಿಯುತ್ತಿತ್ತು. ಅವರು ಸವಣೂರಿನ ಎಲೆತೋಟದವರ ಮನೆಯಲ್ಲಿ ಹುಟ್ಟಿದವರು. ಅಲ್ಲಿ ಚಿಕ್ಕಂದಿನಿಂದ ವೀಳ್ಯದೆಲೆ ಎಣಿಸಿ ಕಟ್ಟು ಕಟ್ಟಿದ ಬೆರಳುಗಳು ಅವು.

"ನೋಡಿ ಎಣಿಸಿದ್ರ ತಪ್ಪತೈತ್ರಿ ಬಾಯಾರ" ಎಂದು ಒಮ್ಮೆ ನನಗೆ ಹೇಳಿದ್ದರು. "ಕಣ್ಣು ಚಂದಾದ್ದು ಕಂಡಲ್ಲೆ ನಿಂತುಬಿಡ್ತೈತಿ. ಬೆರಳಿಗಿ ಅದೆಲ್ಲಾ ಗೊತ್ತಾಗೂದಿಲ್ಲ."

ನಾನು ಆಗ ಹುಬ್ಬಳ್ಳಿಯಿಂದ ಹಾರುವ ಒಂದು ಸಣ್ಣ ವಿಮಾನ ಕಂಪನಿಯಲ್ಲಿ ಗಗನಸಖಿ. ಎಲಿಗಾರರು ಅದೇ ಕಂಪನಿಯ ನೆಲದ ಕಚೇರಿಯವರು. ದಿನಾ ಬೆಳಿಗ್ಗೆ ಸವಣೂರಿನಿಂದ ಬಸ್ಸು ಹಿಡಿದು, ಶಿಗ್ಗಾವಿಯಲ್ಲಿ ಇನ್ನೊಂದು ಬಸ್ಸು ಹತ್ತಿ ಬರುತ್ತಿದ್ದರು. ಎಷ್ಟು ಜನ ಹತ್ತಿದರು, ವಿಮಾನದ ಹೊಟ್ಟೆಯಲ್ಲಿ ಎಷ್ಟು ಸಾಮಾನು ಹೋಯಿತು ಎಂದು ಚೀಟಿ ಬರೆದು ನಮ್ಮ ಕೈಗಿಡುವುದು ಅವರ ಕೆಲಸ. ಒಳಗೆ ಕೂತ ತಲೆಗಳನ್ನು ನಾವೂ ಎಣಿಸಬೇಕು. ನಮ್ಮ ಅಂಗೈಯಲ್ಲಿ ಒತ್ತಿದರೆ ಟಿಕ್ ಎನ್ನುವ ಪುಟ್ಟ ಯಂತ್ರ ಇರುತ್ತಿತ್ತು. ಎರಡೂ ಸಂಖ್ಯೆ ತಾಳೆಯಾದರೆ ಬಾಗಿಲು ಹಾಕುತ್ತಾರೆ, ಆಗದಿದ್ದರೆ ಮತ್ತೆ ಎಣಿಕೆ.

ನಮ್ಮ ಕಂಪನಿಯಲ್ಲಿ ಹಾರುವವರಿಗೂ ನೆಲದವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ನಾವು ಅವರನ್ನು 'ಮೇಜಿನವರು' ಅನ್ನುತ್ತಿದ್ದೆವು, ಅವರು ನಮ್ಮನ್ನು 'ಬಣ್ಣದವರು' ಅನ್ನುತ್ತಿದ್ದರು. ನಮ್ಮ ರಜೆ ಅವರ ಕೈಯಲ್ಲಿ, ನಮ್ಮ ಊಟದ ಡಬ್ಬಿ ಅವರ ಕೈಯಲ್ಲಿ. ವಿಮಾನ ತಡವಾದಾಗ ಜನರ ಬೈಗುಳ ತಿನ್ನುವವರು ಮಾತ್ರ ಅವರು. ಎಲ್ಲಕ್ಕಿಂತ ದೊಡ್ಡ ಜಗಳ ತಡದ ಚೀಟಿಯದು. ವಿಮಾನ ಹೊರಡುವುದು ಐದು ನಿಮಿಷ ತಡವಾದರೂ ಆ ಐದು ನಿಮಿಷ ಯಾರದೋ ಒಬ್ಬರ ಹೆಸರಿಗೆ ಬರೆಯಲೇಬೇಕು. ಮೇಲಿನವರದೋ ಕೆಳಗಿನವರದೋ ಎಂದು ಮೆಟ್ಟಿಲ ತುದಿಯಲ್ಲೇ ಹಲ್ಲು ಕಡಿಯುತ್ತ, ಪ್ರಯಾಣಿಕರಿಗೆ ಕಾಣುವಂತೆ ನಗುತ್ತ ಜಗಳಾಡುತ್ತಿದ್ದೆವು.

ಎಲಿಗಾರರು ಮಾತ್ರ ಜಗಳಕ್ಕೆ ಬರುತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ನಿಮಿಷವೂ ಅವರ ಹೆಸರಿಗೆ ಬಿದ್ದಿರಲಿಲ್ಲ. ಚೀಟಿ ಕೊಟ್ಟು, "ಖರೆ ಐತ್ರಿ, ಹೋಗಿ ಬರ್ರಿ" ಅನ್ನುತ್ತಿದ್ದರು. ನಾನು ಹಾನಗಲ್ ತಾಲೂಕಿನ ಅಕ್ಕಿಆಲೂರಿನವಳು ಎಂಬುದನ್ನು ಮೊದಲ ವಾರವೇ ಪತ್ತೆ ಮಾಡಿದ್ದರು. ಕ್ಯಾಪ್ಟನ್ ಮುಂದೆಯೇ, "ಗಿರಣಿ ಓಣ್ಯಾಗಿನವರೇನ್ರಿ?" ಎಂದು ಕೇಳಿಬಿಟ್ಟರು. ಅಕ್ಕಿ ಗಿರಣಿಯ ತೌಡಿನ ಧೂಳಿನಿಂದ ಎದ್ದು, ತುಟಿಗೆ ಬಣ್ಣ ಹಚ್ಚಿ, ಮಾತಿನ ಧಾಟಿಯನ್ನೇ ಬದಲಿಸಿಕೊಂಡು ಬಂದಿದ್ದ ನನಗೆ ಮೈಯೆಲ್ಲ ಉರಿಯಿತು. ಕೇಳಿಸದವಳಂತೆ ಒಳಗೆ ಹೋದೆ.

ಇನ್ನೊಂದು ಸಲ ಮೆಲ್ಲಗೆ ಕೇಳಿದರು, "ಬೆಂಗಳೂರಿಗಿ ಹೋಗಬೇಕಾದ್ರ ಸವಣೂರ ಕಾಣ್ತೈತೇನ್ರಿ? ನಮ್ಮ ತ್ವಾಟ?" ಅವರು ಒಮ್ಮೆಯೂ ವಿಮಾನದಲ್ಲಿ ಹಾರಿದವರಲ್ಲ. ಶಿಗ್ಗಾವಿ ದಾಟಿದ ಮೇಲೆ ಬಯಲಿನ ನಡುವೆ ಕಪ್ಪು ಹಸಿರಿನ ಚೌಕಗಳು ಕಾಣುತ್ತಿದ್ದವು. ದಿನಾ ನೋಡುತ್ತಿದ್ದೆ. ಆದರೂ, "ನಮಗೆ ಕಿಟಕಿ ನೋಡೋಕೆ ಪುರುಸೊತ್ತಿರಲ್ಲ" ಅಂದೆ. ಅವರು ತಲೆಯಾಡಿಸಿ ಚೀಟಿ ಬರೆಯತೊಡಗಿದರು. ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಮೊದಲ ಸಲ ಅದು ನಡೆದದ್ದು ಒಂದು ನಡುಮಧ್ಯಾಹ್ನ. ಎಲಿಗಾರರು ಅರವತ್ತನಾಲ್ಕು ಎಂದು ಬರೆದ ಚೀಟಿ ಕೊಟ್ಟು ತಡೆದು ನಿಂತರು. "ಬಾಯಾರ, ಇವತ್ತ ನಿಮಗ ಒಂದು ಹೆಚ್ಚಿಗಿ ಬರ್ತೈತಿ. ಚೀಟಿ ಖರೆ ಐತಿ. ಚೀಟ್ಯಾಗಿದ್ದದ್ದ ಬರದು ಬಾಗಲಾ ಹಾಕ್ರಿ."

ಮೇಜಿನವರು ನಮ್ಮ ಎಣಿಕೆಯನ್ನೂ ಮೊದಲೇ ಹೇಳಿಕೊಡುವಷ್ಟು ಸೊಕ್ಕೇ ಎಂದು ಸಿಟ್ಟು ಬಂತು. ಒಳಗೆ ಹೋಗಿ ಎಣಿಸಿದೆ. ಅರವತ್ತೈದು. ಹಿಂದಿನಿಂದ ಮುಂದಕ್ಕೆ ಎಣಿಸಿದೆ. ಅರವತ್ತೈದು. ಜೊತೆಯಲ್ಲಿದ್ದವಳ ಕೈಗೆ ಯಂತ್ರ ಕೊಟ್ಟೆ, ಅವಳಿಗೂ ಅಷ್ಟೇ ಬಂತು. ಹೆಸರು ಕರೆದು ನೋಡಿದರೆ ಅರವತ್ತನಾಲ್ಕು ಹೆಸರಿಗೆ ಅರವತ್ತನಾಲ್ಕು ಜನ. ವಿಮಾನದಲ್ಲಿ ಇದ್ದದ್ದು ಎಪ್ಪತ್ತೆರಡು ಸೀಟು. ಖಾಲಿ ಸೀಟು ಎಣಿಸಿದರೆ ಸರಿಯಾಗಿ ಎಂಟು, ಜನರನ್ನು ಎಣಿಸಿದರೆ ಅರವತ್ತೈದು. ಹೊರಗೆ ಬಿಸಿಲು ಬೆಳ್ಳಗೆ ಸುಡುತ್ತಿತ್ತು. ಮಕ್ಕಳು ಚಾಕಲೇಟು ಬೇಡುತ್ತಿದ್ದರು, ಯಾರೋ ಪತ್ರಿಕೆ ಮಡಚುತ್ತಿದ್ದರು, ನಾನು ನಗುತ್ತ ಸಾಲುಗಳ ನಡುವೆ ನಡೆಯುತ್ತಿದ್ದೆ. ಎಲ್ಲೋ ಒಂದು ಕಡೆ ನನ್ನ ಹೆಬ್ಬೆರಳು ಇಲ್ಲದವರ ಮೇಲೆ ಟಿಕ್ ಎಂದು ಒತ್ತುತ್ತಿತ್ತು. ಎಲ್ಲಿ ಎಂದು ಮಾತ್ರ ತಿಳಿಯಲಿಲ್ಲ. ಕೊನೆಗೆ ಹೆಸರಿನ ಪಟ್ಟಿಯ ಮೇಲೆ ಭಾರ ಹಾಕಿ ಹೊರಟೆವು. ಒಂಬತ್ತು ನಿಮಿಷ ತಡ ನನ್ನ ಹೆಸರಿಗೆ ಬಿತ್ತು.

ಎರಡನೆಯ ಸಲ, ಎರಡು ತಿಂಗಳಾದ ಮೇಲೆ, ಅವರು ಹೇಳುವುದಕ್ಕೆ ಮೊದಲೇ ನನಗೆ ಒಂದು ನೋಟ ಕಂಡಿತು. ಹಿಂದಿನ ಕಿಟಕಿಯಿಂದ ಕೆಳಗೆ ನೋಡಿದೆ. ಎಲಿಗಾರರು ಸಾಮಾನಿನ ಬಾಗಿಲ ಮುಂದೆ ಬೂಟು ಬಿಚ್ಚಿ ನಿಂತಿದ್ದರು. ಹೆಂಚಿನಂತೆ ಕಾದ ಆ ಕಾಂಕ್ರೀಟಿನ ಮೇಲೆ ಬರಿಗಾಲು. ಕೈ ಬೆನ್ನ ಹಿಂದೆ ಇರಲಿಲ್ಲ, ಮುಂದೆ ಜೋಡಿಸಿಕೊಂಡಿದ್ದರು. ಒಂದು ಕ್ಷಣ ನಿಂತು, ಬೂಟು ಹಾಕಿಕೊಂಡು, ಚೀಟಿ ಹಿಡಿದು ಮೇಲೆ ಬಂದರು. "ಒಂದು ಹೆಚ್ಚಿಗಿ ಬರ್ತೈತ್ರಿ" ಅಂದರು. ಬಂತು. ಆ ದಿನದ ತಡವೂ ನನ್ನದೇ ಆಯಿತು.

ಹಾರುತ್ತಿರುವಾಗ ಕ್ಯಾಪ್ಟನ್‌ಗೆ ಚಹಾ ಕೊಡುವ ನೆಪದಲ್ಲಿ ಕೆಳಗೆ ಏನು ಹಾಕಿದ್ದಾರೆ ಎಂದು ಕೇಳಿದೆ. ಅವರು ಸ್ವಲ್ಪ ಹಿಂದೆಮುಂದೆ ನೋಡಿ, ಒಂದು ಪೆಟ್ಟಿಗೆ ಇದೆ ಅಂದರು. ಹಿರೇಕೆರೂರು ಕಡೆ ಕೆಲಸಕ್ಕೆ ಬಂದಿದ್ದ ಉತ್ತರದ ಯಾರೋ ಒಬ್ಬ ಜ್ವರ ಬಂದು ತೀರಿಕೊಂಡಿದ್ದನಂತೆ. ಅವನನ್ನು ಊರಿಗೆ ಕಳಿಸುತ್ತಿದ್ದರು. "ಇಂಥದ್ದನ್ನು ನಿಮಗೆ ಹೇಳುವ ಪದ್ಧತಿ ಇಲ್ಲ, ಹುಡುಗಿಯರು ಹೆದರುತ್ತೀರಿ" ಎಂದರು. ಮೊದಲ ಸಲವೂ ಹೀಗೇ ಇತ್ತೇ ಎಂದೆ. ಇತ್ತು ಅಂದರು. ಚಹಾದ ಲೋಟ ನನ್ನ ಕೈಯಲ್ಲೇ ತಣ್ಣಗಾಯಿತು.

ಆ ವಾರ ಕಚೇರಿಯಿಂದ ಪತ್ರ ಬಂತು. ಎಣಿಕೆಯಲ್ಲಿ ಎರಡು ಸಲ ತಪ್ಪಿದ್ದೀರಿ, ಇನ್ನೊಮ್ಮೆ ತಪ್ಪಿದರೆ ಹಾರಾಟದಿಂದ ತೆಗೆದು ನೆಲದ ಕಚೇರಿಯಲ್ಲಿ ಕೂರಿಸಲಾಗುವುದು. ಓದಿ ಬಾತ್‌ರೂಮಿನಲ್ಲಿ ಅತ್ತೆ. ಹಾರುವುದನ್ನು ಬಿಟ್ಟರೆ ನನಗೆ ಬೇರೆ ಏನೂ ಬೇಕಾಗಿರಲಿಲ್ಲ. ಸೇವೆ ಕಾಯಂ ಆಗಲು ಇನ್ನೂ ನಾಲ್ಕು ತಿಂಗಳಿತ್ತು.

ಮೂರನೆಯ ಸಲವೂ ಎಲಿಗಾರರು ಹೇಳಿದರು. ಈ ಸಲ ಗಂಟಲು ತಗ್ಗಿಸಿ, ಬೇಡಿಕೊಳ್ಳುವವರಂತೆ ಹೇಳಿದರು. "ನನ್ನ ಮಾತ ಕೇಳ್ರಿ. ಒಂದ ಸಲ ಎಣಿಸ್ರಿ, ಚೀಟ್ಯಾಗಿನ ಸಂಖ್ಯಾ ಬರೀರಿ. ನಿಮಗ ಏನೂ ಆಗೂದಿಲ್ಲ."

ಅವರ ಮಾತು ಕೇಳಬೇಕಿತ್ತು. ಆದರೆ ಎಣಿಸಿದಾಗ ಒಂದು ಹೆಚ್ಚಿಗೆ ಬಂತು. ನನ್ನ ಎಣಿಕೆಗೆ ಬಾರದ ಸಂಖ್ಯೆ ಬರೆದು ಸಿಕ್ಕಿಬಿದ್ದರೆ ಎಂಬ ಭಯ ಒಂದು ಕಡೆ, ನನ್ನ ಪಕ್ಕದ ಸೀಟಿನಲ್ಲೇ ಯಾರೋ ಇದ್ದಾರೆ ಎಂಬ ಭಯ ಇನ್ನೊಂದು ಕಡೆ. ಮತ್ತೆ ಮತ್ತೆ ಎಣಿಸಿದೆ. ಹದಿನಾಲ್ಕು ನಿಮಿಷ ಹೋಯಿತು. ಕಚೇರಿಯ ಮ್ಯಾನೇಜರ್ ತಡದ ಚೀಟಿ ಹಿಡಿದು ಸ್ವತಃ ಮೆಟ್ಟಿಲು ಹತ್ತಿ ಬಂದು, ಯಾರ ಹೆಸರು ಬರೆಯಲಿ ಎಂದು ಕೇಳಿದರು.

"ಇವರು ಮೊದಲು ತಪ್ಪು ಸಂಖ್ಯೆ ಕೊಟ್ಟರು, ಆಮೇಲೆ ತಿದ್ದಿದರು" ಎಂದೆ. ಹಸಿ ಸುಳ್ಳು. ನನ್ನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಎಲಿಗಾರರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ಮಾರುಕಟ್ಟೆಯಲ್ಲಿ ಕಟ್ಟು ಬಿಚ್ಚಿ ಎಲೆ ನೋಡುವಂತೆ ಸುಮ್ಮನೆ ನೋಡಿದರು. ಆಮೇಲೆ ಮ್ಯಾನೇಜರ್ ಕೈಯಿಂದ ಪೆನ್ನು ಇಸಿದುಕೊಂಡು, "ಹೌದ್ರಿ, ನಂದ ತಪ್ಪು" ಎಂದು ಸಹಿ ಮಾಡಿದರು. ಮುಂದಿನ ತಿಂಗಳು ಅವರ ಕರಾರು ಮುಂದುವರಿಯಲಿಲ್ಲ. ನಾನು ಕಾಯಂ ಆದೆ.

ಅವರನ್ನು ಹುಡುಕಿಕೊಂಡು ಹೋಗಲು ನನಗೆ ಒಂದು ವರ್ಷ ಹಿಡಿಯಿತು. ರಜೆಗೆ ಊರಿಗೆ ಬಂದವಳು ಒಂದು ಬೆಳಿಗ್ಗೆ ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಸವಣೂರಿಗೆ ಹೋದೆ. ಎಲೆ ಮಾರುವ ಸಾಲಿನಲ್ಲಿ ಕೇಳಿದ್ದಕ್ಕೆ ಖಾರ-ಚೂಡಾ ಮಾರುವ ಅಂಗಡಿಯ ಮುದುಕರೊಬ್ಬರು ತೋಟದ ದಾರಿ ತೋರಿಸಿದರು. ಒಳಗೆ ತಂಪು, ಮಬ್ಬು ಹಸಿರು. ಎಲಿಗಾರರು ಒದ್ದೆ ಗೋಣಿಯ ಮೇಲೆ ಕೂತು ಕಟ್ಟು ಕಟ್ಟುತ್ತಿದ್ದರು. ಮೈ ಇಳಿದಿತ್ತು. ನನ್ನನ್ನು ಕಂಡು ಬೆರಳು ನಿಲ್ಲಿಸದೆಯೇ, "ಬರ್ರಿ ಬಾಯಾರ, ಕುಂದರ್ರಿ" ಅಂದರು.

ತಪ್ಪಾಯಿತು ಎನ್ನಲು ಬಾಯೇ ಬರಲಿಲ್ಲ. "ಯಾಕ ಸಹಿ ಮಾಡಿದ್ರಿ?" ಎಂದು ಕೇಳಿದೆ. ನನ್ನ ಊರಿನ ಮಾತು ಅವರ ಮುಂದೆ ಬಂದದ್ದು ಅದೇ ಮೊದಲು.

"ನಿಮ್ಮ ಎಣಿಕಿ ತಪ್ಪಿರಲಿಲ್ಲ. ನಂದೂ ತಪ್ಪಿರಲಿಲ್ಲ" ಎಂದರು. "ಆದ್ರ ಆ ಕಾಗದಕ್ಕ ಒಂದು ಹೆಸರು ಬೇಕಾಗಿತ್ತಲ್ರಿ. ನಿಮಗ ಹಾರೂದಿತ್ತು. ನನಗ ಹೆಂಗೂ ಎಲಿ ಇದ್ವು."

ಕಟ್ಟು ಬಿಗಿಯುತ್ತ ಅವರೇ ಹೇಳಿದರು. ಮೊದಮೊದಲು ತಮ್ಮ ಬೆರಳೇ ಕೈಕೊಟ್ಟಿತು ಅಂದುಕೊಂಡಿದ್ದರಂತೆ. ಮೆಟ್ಟಿಲ ಬಳಿ ನಿಂತಾಗ ಸಾಲಿನ ಕೊನೆಯ ಮನುಷ್ಯ ಹತ್ತಿದ ಮೇಲೂ ಹೆಬ್ಬೆರಳು ಇನ್ನೊಂದು ಗೆಣ್ಣಿಗೆ ತಾನಾಗಿ ಸರಿಯುತ್ತಿತ್ತಂತೆ. ಯಾವ ದಿನ ಹಾಗಾಗುತ್ತದೆ ಎಂದು ನೋಡುತ್ತಾ ಹೋದಾಗ ಪೆಟ್ಟಿಗೆ ಹೋಗುವ ದಿನಗಳು ಎಂದು ತಿಳಿಯಿತಂತೆ.

"ಅಂಜಬ್ಯಾಡ್ರಿ" ಎಂದರು. "ಅವರು ಯಾರಿಗೂ ಏನೂ ಮಾಡೂದಿಲ್ಲ. ತಾವೂ ಊರಿಗಿ ಹೊಂಟೇವಿ ಅಂತ ಮಂದಿ ಸಂಗಾಟ ಮ್ಯಾಲ ಬಂದು ಕುಂದರ್ತಾರ. ಯಾರರ ಒಬ್ರು ಎಣಿಸಿದ್ರ ಸಾಕು ಅವರಿಗೆ. ನೀವು ಟಿಕ್ ಅಂತ ಒತ್ತತೀರಿ, ಅವರಿಗೆ ಸಮಾಧಾನ ಆಗತೈತಿ."

ಹೊರಡುವಾಗ ಒಂದು ಕಟ್ಟು ಎಲೆ ಕೊಟ್ಟರು. "ನಿಮ್ಮ ತೋಟ ಮ್ಯಾಲಿಂದ ಕಾಣ್ತೈತ್ರಿ. ದಿನಾ ನೋಡ್ತೇನಿ" ಎಂದೆ. ಅವರ ಮುಖ ಅರಳಿತು. ಆದರೆ ನಾನು ಹೇಳಲು ಹೋಗಿದ್ದ ಮಾತು ಅದಲ್ಲ. ಆ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಬಸ್ಸು ಹತ್ತಿದೆ.

ಅಲ್ಲಿಂದ ಮುಂದೆ ಪ್ರತಿ ಹಾರಾಟಕ್ಕೂ ಮೊದಲು ನೆಲದವರನ್ನು ಕರೆದು, ಕೆಳಗೆ ಯಾರಾದರೂ ಇದ್ದಾರೆಯೇ ಎಂದು ಕೇಳುವ ರೂಢಿ ಮಾಡಿಕೊಂಡೆ. ನನಗೆ ತಲೆ ಕೆಟ್ಟಿದೆ ಎಂದು ಎರಡೂ ಕಡೆಯವರು ಆಡಿಕೊಂಡರು. ಇದ್ದಾರೆ ಎಂದ ದಿನ ಎಣಿಕೆ ಒಂದು ಹೆಚ್ಚೇ ಬರುತ್ತಿತ್ತು. ಒಂದು ದಿನವೂ ತಪ್ಪಲಿಲ್ಲ. ಯಾರಿಗೂ ಹೇಳದೆ ಟಿಕ್ ಎಂದು ಒತ್ತಿ, ಚೀಟಿಯಲ್ಲಿನ ಸಂಖ್ಯೆ ಬರೆದು ಬಾಗಿಲು ಹಾಕುತ್ತಿದ್ದೆ. ಹೆದರಿಕೆ ಹೋಗಿತ್ತು.

ಹೋದ ವರ್ಷ ಮುಂಬೈಯಿಂದ ಹುಬ್ಬಳ್ಳಿಗೆ ಬರುವ ಹಾರಾಟ. ನೆಲದ ಕಚೇರಿಯಲ್ಲಿ ಬೆಳಗಾವಿ ಕಡೆಯ ಹೊಸ ಹುಡುಗಿಯೊಬ್ಬಳಿದ್ದಳು. ಎಂದಿನಂತೆ ಕೇಳಿದೆ. ಕಾಗದ ನೋಡಿ ಹೇಳಿದಳು, "ಒಬ್ರು ಅದಾರ್ರಿ ಮೇಡಂ. ಎಲಿಗಾರ ಅಂತ, ಸವಣೂರವ್ರು. ದವಾಖಾನಿಗಂತ ಮಗಳ ಮನಿಗಿ ಬಂದಿದ್ರಂತ. ತಮ್ಮ ಹೊಲದಾಗ ಮಣ್ಣು ಕೊಡಬೇಕಂತ ಹೇಳಿಟ್ಟಿದ್ರಂತ."

ಚೀಟಿಯಲ್ಲಿ ಅರವತ್ತಾರು ಎಂದಿತ್ತು. ಯಂತ್ರ ಹಿಡಿದು ಮುಂದಿನ ಸಾಲಿನಿಂದ ಹೊರಟೆ. ಒಬ್ಬೊಬ್ಬರ ಮುಖವನ್ನೂ ನೋಡಿ, ಸಾವಕಾಶವಾಗಿ ಒತ್ತಿದೆ. ಕೊನೆಯ ಸಾಲು ಮುಟ್ಟಿ ನೋಡಿದರೆ ಅರವತ್ತಾರು.

ಮತ್ತೆ ಎಣಿಸಿದೆ. ಅರವತ್ತಾರು. ನೋಡಿ ಎಣಿಸಿದರೆ ತಪ್ಪುತ್ತದೆ ಎಂದುಕೊಂಡು ಕಣ್ಣು ತಗ್ಗಿಸಿ ಎಣಿಸಿದೆ. ಅರವತ್ತಾರು. ಖಾಲಿ ಸೀಟು ಆರು. ಪ್ರತಿಯೊಂದು ಖಾಲಿ ಸೀಟಿನ ಮುಂದೆಯೂ ನಿಂತೆ. ಬರ್ರಿ, ಒಂದು ಸಲ ಬರ್ರಿ, ನಾನು ಎಣಿಸಾಕತ್ತೇನಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಪರಿಚಿತರೆಲ್ಲ ನನ್ನ ಎಣಿಕೆಗೆ ಬಂದು ಕೂತಿದ್ದರು. ಅವರು ಮಾತ್ರ ಬರಲಿಲ್ಲ. ನನ್ನ ಕೈಯಿಂದ ಎಣಿಸಿಕೊಳ್ಳಲು ಅವರಿಗೆ ಇಷ್ಟವಿರಲಿಲ್ಲವೋ, ಯಾರ ಎಣಿಕೆಯೂ ಅವರಿಗೆ ಬೇಕಾಗಿರಲಿಲ್ಲವೋ.

ಹನ್ನೊಂದು ನಿಮಿಷ ತಡವಾಯಿತು. ಬೆಳಗಾವಿಯ ಹುಡುಗಿ ಬಾಗಿಲಲ್ಲಿ ಅಳುವ ಮುಖ ಮಾಡಿ ನಿಂತಿದ್ದಳು. "ಮೇಡಂ, ಎಣಿಕಿ ಸರಿ ಐತಲ್ರಿ. ಈ ತಡ ಯಾರ ಹೆಸರಿಗಿ ಬರೀಲಿ? ನಂದ ಬರದ್ರ ನನ್ನ ಕೆಲಸ ಹೋಗತೈತ್ರಿ."

ಅವಳ ಕೈಯಿಂದ ತಡದ ಚೀಟಿ ತೆಗೆದುಕೊಂಡು ನನ್ನ ಹೆಸರು ಬರೆದೆ. ಸಹಿ ಮಾಡಿದೆ. ಕಾರಣ ಬರೆಯುವ ಸಾಲಿನಲ್ಲಿ, ಒಬ್ಬರು ಕಡಿಮೆ ಇದ್ದಾರೆ ಎಂದು ಬರೆದೆ.