ಮೊದಲ ಸಾಲು ಮಾತ್ರ ಓದುವವನು

ಬೀದಿಯ ಜನ ಅವನನ್ನು ಬ್ಯಾಕಪ್ಪ ಎನ್ನುತ್ತಿದ್ದರು. ಔಷಧಿ ಅಂಗಡಿಯ ಮೇಲಿನ ಇಕ್ಕಟ್ಟು ಕೋಣೆಯಲ್ಲಿ ಕೂತು, ಜನ ಕೈತಪ್ಪಿ ಅಳಿಸಿಕೊಂಡ ಫೋಟೋ, ಫೈಲುಗಳನ್ನು ಕಂಪ್ಯೂಟರಿನಿಂದ ಹೊರತೆಗೆದು ಕೊಡುವುದು ಅವನ ಕಸುಬು. ಕೆಲಸದಲ್ಲಿ ಗಟ್ಟಿಗ, ಬಾಯಿ ಅದಕ್ಕಿಂತ ಗಟ್ಟಿ. ಅಳುತ್ತಾ ಬಂದವರನ್ನೂ ಬಿಡದೆ, ಎಲ್ಲಕ್ಕೂ ಬ್ಯಾಕಪ್ ಇಟ್ಟುಕೊಳ್ಳಬೇಕೆಂದು ಅರ್ಧ ಗಂಟೆ ಕೊರೆದ ಮೇಲೆಯೇ ಡಿಸ್ಕಿಗೆ ಕೈ ಹಾಕುತ್ತಿದ್ದ. ತನ್ನ ಮನೆಯ ಕಂಪ್ಯೂಟರಿಗೆ ಮಾತ್ರ ಇಷ್ಟು ವರ್ಷದಲ್ಲಿ ಒಂದು ಬ್ಯಾಕಪ್ಪೂ ಇಟ್ಟಿರಲಿಲ್ಲ. ದೊಡ್ಡವರ ಸಮಾಚಾರವೇ ಹಾಗೆ.

ಒಂದು ಭಾನುವಾರ, ಮನೆಯ ಕಂಪ್ಯೂಟರ್ ತೆವಳುತ್ತಿದೆ ಎಂದು ಅದನ್ನು ಸ್ವಚ್ಛ ಮಾಡಲು ಕೂತ. ಹಳೆಯ ಸಿನಿಮಾಗಳ ಫೋಲ್ಡರ್ ಎಂದುಕೊಂಡು, ಮಗಳು ಹುಟ್ಟಿದಂದಿನಿಂದ ಶಾಲೆ ಸೇರುವವರೆಗಿನ ಅಷ್ಟೂ ಫೋಟೋಗಳನ್ನು ಅಳಿಸಿದ. ನಿಜವಾಗಿಯೂ ಅಳಿಸಲೇ ಎಂದು ಯಂತ್ರ ಕೇಳಿದ್ದಕ್ಕೆ, ನನಗೇ ಬುದ್ಧಿ ಹೇಳುತ್ತೀಯಾ ಎಂಬಂತೆ ಗುಂಡಿ ಒತ್ತಿದ. ಹೆಂಡತಿ ಬೈಯಲಿಲ್ಲ, ಅವನಿಗೆ ಅದೇ ದಿಗಿಲು.

"ಫೋಟೋ ಮಾತ್ರ ತನ್ನಿ. ಬೇರೆ ಏನೂ ಕೆದಕೋಕೆ ಹೋಗ್ಬೇಡಿ" ಎಂದಳು.

ಆದರೆ ಕೈತಪ್ಪಿ ಅಳಿಸಿದ್ದು ಯಾವುದು, ಬೇಕೆಂದೇ ಅಳಿಸಿದ್ದು ಯಾವುದು ಎಂದು ಹುಡುಕುವ ಸಾಫ್ಟ್‌ವೇರಿಗೆ ಹೇಗೆ ಗೊತ್ತಾಗಬೇಕು? ಸಿಕ್ಕಿದ್ದಕ್ಕೆಲ್ಲ ನಂಬರು ಹಚ್ಚಿ ತಂದು ಸುರಿಯುತ್ತದೆ. ಸೋಮವಾರ ಮಧ್ಯಾಹ್ನ ನಾಲ್ಕು ಸಾವಿರ ಚಿಲ್ಲರೆ ಫೋಟೋ ಬಂದವು. ಮಗಳ ಬೋಳು ತಲೆ, ಹಲ್ಲಿಲ್ಲದ ನಗು, ಬಕೆಟ್ಟಿನೊಳಗೆ ಕೂತು ಹಟ ಮಾಡಿದ್ದು. ಬ್ಯಾಕಪ್ಪನಿಗೆ ಹೋದ ಜೀವ ಬಂದಂತಾಯಿತು. ಜೊತೆಗೆ ಐದು ಪತ್ರಗಳೂ ಬಂದವು.

ಸಿಕ್ಕ ಫೈಲು ಸರಿಯಾಗಿ ತೆರೆಯುತ್ತದೆಯೇ ಎಂದು ನೋಡಲು ಅವನು ಮೊದಲ ಸಾಲನ್ನಷ್ಟೇ ಓದುವುದು. ಎಷ್ಟೋ ಮನೆಗಳ ಗುಟ್ಟು ಕಣ್ಣ ಮುಂದೆ ಹಾದುಹೋದರೂ ಎರಡನೆಯ ಸಾಲಿಗೆ ಇಳಿದವನಲ್ಲ. ಈಗಲೂ ಮೊದಲ ಸಾಲನ್ನಷ್ಟೇ ಓದಿದ. ಐದರಲ್ಲೂ ಅದೇ ಸಾಲು: "ರೀ, ನಾನು ಮಗಳನ್ನ ಕರ್ಕೊಂಡು ಅಮ್ಮನ ಮನೆಗೆ ಹೊರಟೆ."

ನೇಮವನ್ನು ಗಾಳಿಗೆ ತೂರಿದ. ಮೊದಲ ಪತ್ರದ ಎರಡನೆಯ ಸಾಲಿನಲ್ಲಿ ಅವನ ಬಿಪಿ ಮಾತ್ರೆ ಎಲ್ಲಿದೆ ಎಂದಿತ್ತು. ಬಿಟ್ಟು ಹೋಗುವವಳಿಗೂ ಅದರ ಚಿಂತೆ. ಮೂರನೆಯ ಸಾಲಿನಿಂದ ಮಂಗಳಾರತಿ. ಅಂಗಡಿಯಲ್ಲಿ ದಿನವಿಡೀ ಹರಟುವ ಬಾಯಿ ಮನೆಗೆ ಬಂದರೆ ಊಟಕ್ಕಷ್ಟೇ ತೆರೆಯುತ್ತದಂತೆ. ಮಗಳು ಜ್ವರದಿಂದ ಮಲಗಿದ್ದ ವಾರ ಅವನು ಯಾರದೋ ಮದುವೆಯ ಫೋಟೋ ಉಳಿಸುತ್ತಿದ್ದನಂತೆ. ವರ್ಷಕ್ಕೊಂದು ಬರೆದು, ಹೋಗಲಾರದೆ ಅಳಿಸಿದ್ದಳು. ಮೊದಲನೆಯದು ಮೂರು ಪುಟ. ಈ ವರ್ಷದ್ದು ಮೂರೇ ಸಾಲು, ಅದರಲ್ಲಿ ಕೋಪವೂ ಇರಲಿಲ್ಲ. ಅವನು ಮತ್ತೆ ಮತ್ತೆ ಓದಿದ್ದು ಅದನ್ನೇ.

ಪತ್ರಗಳನ್ನು ಅಳಿಸಿ ಏನೂ ತಿಳಿಯದವನಂತೆ ಇರಬಹುದಿತ್ತು. ಮನಸ್ಸು ಬರಲಿಲ್ಲ.

ಸಂಜೆ ಹೆಂಡತಿ ಫೋಟೋಗಳನ್ನು ಒಂದೊಂದಾಗಿ ನೋಡಿ, ಕೊನೆಗೆ ಅವನ ಮುಖ ನೋಡಿದಳು.

"ಓದಿದ್ರಾ?"

"ಐದನ್ನೂ ಓದಿದೆ. ಕೊನೇ ತನಕ."

ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು. "ಹಾಗಾದ್ರೆ ಉತ್ತರ ಬರೀರಿ. ಇಲ್ದಿದ್ರೆ ಆರನೇದನ್ನ ನಾನು ಅಳಿಸೋದಿಲ್ಲ."

ಬ್ಯಾಕಪ್ಪ ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದ. "ಬರೆಯಲ್ಲ. ಬಾಯಲ್ಲೇ ಹೇಳ್ತೀನಿ, ಕೂತ್ಕೋ" ಎಂದ. ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಬಹಳ ಹೊತ್ತು ಬೆವರಿದ. ಅವಳು ಎದುರಿಗೆ ಕೂತು ಕಾದಳು.