ಹಾಜಿರಾ ಬೇಡವೆಂದ ಗಾಲಿ

ಐವಾನ್-ಎ-ಶಾಹಿ ಬಡಾವಣೆ ಕಡೆಯ ಆ ಪಂಕ್ಚರ್ ಅಂಗಡಿಯಲ್ಲಿ ಹಾಜಿರಾ 'ಇಲ್ಲ' ಎಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ಸವೆದ ಟೈರಿಗೆ ಇಲ್ಲ, ತೇಪೆಯ ಮೇಲೆ ತೇಪೆ ಕಂಡ ಟ್ಯೂಬಿಗೆ ಇಲ್ಲ, ಹಳೆಯ ಕೈಗಾಡಿಯ ಗಾಲಿ ತಂದವರಿಗಂತೂ ಬಾಯಿ ತೆರೆಯುವ ಮೊದಲೇ ಇಲ್ಲ. ಮಣ್ಣು, ಸಿಮೆಂಟು ಹೊರುವ ಆ ಒಂಟಿ ಗಾಲಿಯ ಕೈಗಾಡಿಯನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಮಳೆಯಲ್ಲಿ ಬಿಡುತ್ತಾರೆ, ತುಕ್ಕು ತಿನ್ನಲು ಕೊಡುತ್ತಾರೆ, ಆಮೇಲೆ ಒಂದು ದಿನ ಗಾಳಿ ಹೊಡೆಯಿರಿ ಎಂದು ಬರುತ್ತಾರೆ. ಅದರ ರಿಮ್ಮು ಎಂದರೆ ಎದುರುಬದುರು ಇಟ್ಟ ಎರಡು ಕಬ್ಬಿಣದ ತಟ್ಟೆ, ನಾಲ್ಕು ನಟ್ಟು. ಒಳಗೆ ಗಾಳಿ ಇರುವಾಗ ನಟ್ಟು ಸಡಿಲಿಸಿದರೆ, ಇಲ್ಲವೇ ತುಕ್ಕು ಹಿಡಿದ ಅಂಚು ಕಿತ್ತರೆ, ತಟ್ಟೆ ಸಿಡಿದು ಎದುರಿಗೆ ಕೂತವರ ಮುಖಕ್ಕೇ ಬರುತ್ತದೆ.

ಹಾಜಿರಾಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆರು ವರ್ಷದ ಹಿಂದೆ ಅಂಥದೇ ಗಾಲಿ ಅವಳ ಗಂಡ ಇಮಾಮುದ್ದೀನನ ಬಲಗಣ್ಣು ತೆಗೆದಿತ್ತು. ಅಂದಿನಿಂದ ನಟ್ಟು ಬಿಚ್ಚುವ ಪಾನಾ ಅವಳ ಕೈಗೆ ಬಂತು. ಗಂಡನಿಗೆ ಅಂಗಡಿಯ ಮುಂದೊಂದು ಕುರ್ಚಿ, ಪೇಪರು, ಹೊತ್ತುಹೊತ್ತಿಗೆ ಚಹಾ. ಪಂಪು ಮುಟ್ಟುವಂತಿಲ್ಲ, ಗಾಲಿಯ ಹತ್ತಿರ ಸುಳಿಯುವಂತಿಲ್ಲ. ಬಿದ್ದ ನಟ್ಟು ಎತ್ತಿಕೊಡಲು ಅವನು ಬಗ್ಗಿದರೂ ಅವಳು ಓಡಿಬಂದು ತಡೆಯುತ್ತಿದ್ದಳು. ಅದು ಪ್ರೀತಿಯೇ, ಅನುಮಾನ ಬೇಡ.

ಮೇ ತಿಂಗಳ ಒಂದು ಬೆಳಿಗ್ಗೆ ಕಮಲಾಪುರದಿಂದ ನರಸಿಂಹ ಮಾಸ್ತರರು ಬಂದರು. ಗಣಿತ ಕಲಿಸಿ ರಿಟೈರಾದವರು, ಈಗ ಕೆಂಪು ಬಾಳೆಯ ತೋಟ ನೋಡಿಕೊಳ್ಳುವವರು. ಗೊನೆ ಹೊರುವ ಅವರ ಹಳೆಯ ಕೈಗಾಡಿ ಗಾಳಿ ಹೋಗಿ ಕೂತುಬಿಟ್ಟಿತ್ತು. ಅದರ ಗಾಲಿ ಬಿಚ್ಚಿ, ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಂದಿದ್ದರು. ಹಾಜಿರಾ ಉಗುರಿನಿಂದ ರಿಮ್ಮಿನ ಅಂಚು ಕೆರೆದಳು. ಪದರಪದರವಾಗಿ ಎದ್ದು ಬಂತು.

"ಇದು ಸತ್ತದ ಮಾಸ್ತರ್ರೀ. ಗಾಳಿ ಹಾಕಂಗಿಲ್ಲ. ಗಟ್ಟಿ ರಬ್ಬರಿನ ಹೊಸಾ ಗಾಲಿ ತಗೋರಿ."

"ಇಪ್ಪತ್ತು ವರ್ಷ ಓಡ್ಯದ ಹಾಜಿರಾಬಿ. ಇನ್ನೊಂದು ವರ್ಷ ಓಡೂದಿಲ್ಲೇನು?"

"ಓಡ್ತದರೀ, ನಿಮ್ಮ ಮಾರಿ ಮ್ಯಾಲೆ."

ಮಾಸ್ತರರು ನಕ್ಕರು. ಗಾಲಿ ಅಲ್ಲೇ ಇಟ್ಟು, ಕನ್ನಡಕದ ಅಂಗಡಿಗೆ ಹೋಗಿ ಬರುತ್ತೇನೆಂದು ಹೊರಟರು. ಹಾಜಿರಾ ಬ್ರಹ್ಮಪುರದಲ್ಲಿ ಹುಷಾರಿಲ್ಲದೆ ಮಲಗಿದ್ದ ಅಕ್ಕನನ್ನು ನೋಡಲು ಹೋದಳು. ತಿರುಗಿ ಬಂದಾಗ ಮಧ್ಯಾಹ್ನ ಒಂದು ಗಂಟೆ, ಗಾಲಿ ಇರಲಿಲ್ಲ.

"ಮಾಸ್ತರ್ ಒಯ್ದರು," ಎಂದ ಇಮಾಮುದ್ದೀನ್. ಅವನ ಕೈಗೆಲ್ಲ ಕರಿ ಮೆತ್ತಿತ್ತು, ಮುಖದಲ್ಲಿ ಹಿಗ್ಗು. ಗಂಡ ಹೆಂಡಿರ ಮಾತು ದಖ್ಖನಿ ಉರ್ದುವಿನದು, ನಾವು ಕನ್ನಡದಲ್ಲೇ ಕೇಳಿಕೊಳ್ಳೋಣ. "ಟ್ಯೂಬ್ ಬದಲಿ ಮಾಡಿ ಗಾಳಿ ಹೊಡದು ಕೊಟ್ಟೀನಿ. ಕಲ್ಲಾಗ್ಯದ ನೋಡು, ಕಲ್ಲು."

ಹಾಜಿರಾ ಕೂಡಲೇ ಫೋನು ತೆಗೆದಳು. ಮಾಸ್ತರರ ನಂಬರಿಗೆ ಹಚ್ಚಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದಳು. ಬಸ್ಸಿನ ಗದ್ದಲದಲ್ಲಿ ಮಾಸ್ತರರಿಗೆ ಎಲ್ಲಿ ಕೇಳಬೇಕು? ಬಿಸಿಲಿಗೆ ಕಾದ ಬಸ್ಸು, ತೊಡೆಯ ಮೇಲೆ ಆ ಗಾಲಿ, ಪಕ್ಕದಲ್ಲಿ ಯಾರ ಮಗುವೋ. ಬೇಡಬೇಡವೆಂದರೂ ಅದೇ ಕಣ್ಣೆದುರು ಬರುತ್ತಿತ್ತು. ಗಂಡ ಏನೋ ಹೇಳಲು ಬಂದ, ಅವಳು ಕೈಯೆತ್ತಿ ತಡೆದಳು. ಎರಡು ಗಂಟೆ ದಾಟಿದ ಮೇಲೆ ಫೋನೆತ್ತಿದವರು ಮಾಸ್ತರರ ಹೆಂಡತಿ ಮುಕ್ತಾಬಾಯಿ.

"ಅಕ್ಕಾರ, ಗಾಲಿ ಎಲ್ಲದರೀ?"

"ಅಂಗಳದಾಗ ಅದ. ಇವರು ನಟ್ಟು ಬಿಚ್ಚಾಕತ್ತಾರ. ತುಕ್ಕು ಹಿಡದಾವಂತ, ಒಂದೊಂದ ಹೊಸಾವು ಹಾಕ್ತಾರಂತ."

"ಕೈ ತಗೀರಿ ಅನ್ರಿ ಅಕ್ಕಾರ. ಈಗಿಂದೀಗ ಅನ್ರಿ. ಸಿಡೀತದ ಅದು."

ದೂರದಿಂದ ಮಾಸ್ತರರ ದನಿ ಕೇಳಿಸಿತು. "ಬಿಚ್ಚಿದ್ದು ಒಂದು. ಇನ್ನೂ ಮೂರು ಹಿಡಕೊಂಡಾವಲ್ಲ?" ಮುಕ್ತಾಬಾಯಿ ಗಣಿತಕ್ಕೆ ಕಾಯುವ ಹೆಂಗಸಲ್ಲ. ಕಬ್ಬಿಣ ನೆಲಕ್ಕೆ ಬಿದ್ದ ಸದ್ದು, ಏದುಸಿರು, ಆಮೇಲೆ ಮಾತು. "ಪಾನಾ ಕಸಗೊಂಡು ಒಗದೀನಿ. ಮುಂದ?"

"ಇಬ್ಬರೂ ಒಳಗ ಹೋಗಿ ಬಾಗಿಲಾ ಹಾಕ್ಕೋರಿ. ಯಾರನ್ನೂ ಅಂಗಳಕ್ಕ ಬಿಡಬ್ಯಾಡ್ರಿ. ನಾ ಬರ್ತೀನಿ."

"ನಾನೂ," ಎಂದ ಇಮಾಮುದ್ದೀನ್. ಬೇಡ ಎನ್ನಲೂ ಅವಳಿಗೆ ಪುರಸೊತ್ತಿರಲಿಲ್ಲ. ಸಿಕ್ಕ ಬಸ್ಸು ಹತ್ತಿದರು. ಕಮಲಾಪುರದಲ್ಲಿ ಇಳಿದು ಮಾಸ್ತರರ ಮನೆಗೆ ಓಡಿದರು.

ಅಂಗಳದಲ್ಲಿ ದನಕ್ಕೆ ನೀರಿಡುವ ಕಲ್ಲಿನ ದೋಣಿಗೆ ಗಾಲಿ ಒರಗಿತ್ತು, ಬಿಸಿಲು ನೇರ ಅದರ ಮೇಲೆ. ನಟ್ಟು ತೆಗೆದ ಕಡೆ ಎರಡು ತಟ್ಟೆಗಳ ನಡುವೆ ಸಂದು ಬಿಟ್ಟಿತ್ತು, ಒಳಗಿನ ಟ್ಯೂಬು ಆ ಸಂದಿನಲ್ಲಿ ಉಬ್ಬಿ ಕಾಣುತ್ತಿತ್ತು. ಇನ್ನು ತಡಮಾಡುವಂತಿರಲಿಲ್ಲ, ಗೊನೆ ಹೊರುವವರು ಬರುವ ಹೊತ್ತು. ಹಾಜಿರಾ ಮುಂದೆ ಹೆಜ್ಜೆ ಇಟ್ಟಳು. ಇಮಾಮುದ್ದೀನ್ ಅವಳ ರಟ್ಟೆ ಹಿಡಿದ.

"ತುಂಬಿದವ ನಾನು. ತಗಿಯಾವನೂ ನಾನ."

"ಇರೂದು ಒಂದ ಕಣ್ಣು ನಿಮಗ."

"ನಿನಗ ಎರಡು ಅದಾವ. ಅವೂ ನನಗ ಬೇಕು."

ಹಾಜಿರಾ ಅವನ ಮುಖ ನೋಡಿದಳು. ಹಿಂದೆ ಸರಿದಳು. ಆರು ವರ್ಷದಲ್ಲಿ ಅವಳು ಮಾಡಿದ ಅತಿ ಕಷ್ಟದ ಕೆಲಸ ಅದು, ಗೋಡೆಯ ಮರೆಗೆ ಹೋಗಿ ನಿಲ್ಲುವುದು.

ಅವನು ದೋಣಿಯ ಆಚೆ ಬದಿಗೆ ನೆಲಕ್ಕಂಟಿ ಮಲಗಿದ. ಕಲ್ಲಿನ ಮೂಲೆಯಿಂದ ಒಂದು ಕೈ ಮಾತ್ರ ಈಚೆ ಬಂತು. ಬೆರಳುಗಳ ನಡುವೆ ಒಂದು ಕಡ್ಡಿ. ಕಣ್ಣಿಗೆ ಏನೂ ಕಾಣದ ಜಾಗ, ಎಲ್ಲ ಬೆರಳಿನ ಅಂದಾಜು. ಕೈ ಟೈರು ಸವರಿತು, ರಿಮ್ಮಿಗೆ ಬಂತು, ಸಂದಿಗೆ ತಾಗಿ ನಿಂತಿತು. ಒಳಗೆಲ್ಲೋ ಕಬ್ಬಿಣ ಟಣ್ ಎಂದಿತು. ಹಾಜಿರಾ ಸೆರಗು ಬಾಯಿಗೆ ತುರುಕಿಕೊಂಡಳು. ಕೈ ಕದಲಲಿಲ್ಲ. ಮತ್ತೆ ಮೆಲ್ಲಗೆ ಸರಿದು ವಾಲ್ವಿನ ಬಾಯಿ ಹುಡುಕಿತು, ಕಡ್ಡಿ ಒತ್ತಿತು. ಸುಂಯ್ ಎಂದು ಗಾಳಿ ಹೊರಟಿತು. ಟೈರು ಮೆತ್ತಗಾಗುತ್ತ ಹೋಯಿತು. ಆ ಸದ್ದು ಪೂರ್ತಿ ನಿಂತ ಮೇಲೆ ಅವನು ಎದ್ದು ಬಂದು ಟೈರು ಒತ್ತಿ ನೋಡಿದ.

"ಪಾನಾ ಕೊಡು," ಎಂದ ಆಮೇಲೆ. ಹಾಜಿರಾ ತಾನೇ ಎತ್ತಿ ಕೊಟ್ಟಳು. ಉಳಿದ ಮೂರು ನಟ್ಟು ಬಿಚ್ಚುತ್ತಲೇ ತಟ್ಟೆಯ ಅಂಚು ಒಣರೊಟ್ಟಿಯಂತೆ ಅವನ ಕೈಯಲ್ಲಿ ಮುರಿಯಿತು. ಹೊರಗೆ ಬಂದ ಮಾಸ್ತರರು ಆ ಚೂರು ನೋಡಿದರು, ತಮ್ಮ ಗಲ್ಲ ಮುಟ್ಟಿಕೊಂಡರು, ಕಟ್ಟೆಯ ಮೇಲೆ ಕೂತುಬಿಟ್ಟರು. ಮುಕ್ತಾಬಾಯಿ ಬಂದವರಿಗೆ ಮಜ್ಜಿಗೆ ಕೊಟ್ಟರು. ಗಂಡನಿಗೆ ಮಾತ್ರ ಕೊಡಲಿಲ್ಲ, ಮಾಸ್ತರರಿಗೆ ಅದೇ ಸಾಕಾಗಿತ್ತು.

ತಿರುಗಿ ಹೋಗುವ ಬಸ್ಸಿನಲ್ಲಿ ಹಾಜಿರಾಳ ಸಿಟ್ಟು ಉಕ್ಕಿತು.

"ಅಂಚು ತಿಂದದ್ದು ನಿಮಗ ಕಾಣಲಿಲ್ಲೇನ್ರೀ?"

"ಕಂಡಿತ್ತು."

"ಮತ್ತ್ಯಾಕ ಹೊಡದ್ರಿ?"

ಅವನು ಬೆರಳಿಗೆ ಮೆತ್ತಿದ ಕರಿ ತಿಕ್ಕಿದ. "ಆರು ವರ್ಷದಾಗ ಮೊದಲ್ನೇ ಸಲ ಗಿರಾಕಿ ಒಬ್ಬ ನನ್ನ ಕೇಳಿದ, ಹಾಜಿರಾ. ಆಗೂದಿಲ್ಲ ಅನ್ನಾಕ ಬಾಯಿ ಬರಲಿಲ್ಲ."

ಹಾಜಿರಾ ಸೆರಗಿನ ತುದಿಯಿಂದ ಅವನ ಬೆರಳು ಒರೆಸತೊಡಗಿದಳು. ಅವಳಿಗೆ ನಾಚಿಕೆಯಾಯಿತು, ಅಳು ಬಂತು. ಅವನ ಕಣ್ಣು ಕಾಯುತ್ತ ಕಾಯುತ್ತ ತಾನು ಮನುಷ್ಯನನ್ನೇ ಮೂಲೆಗೆ ಕೂರಿಸಿದ್ದೆ ಎಂದು ತಿಳಿಯಲು ಇಷ್ಟು ದಿನ ಬೇಕಾಯಿತು.

ಮರುದಿನ ಬೆಳಿಗ್ಗೆ ಒಬ್ಬ ಮೇಸ್ತ್ರಿ ಕೈಗಾಡಿ ನೂಕಿಕೊಂಡು ಬಂದು ಹಾಜಿರಾಳ ಮುಂದೆ ನಿಲ್ಲಿಸಿದ. "ಇದಕ್ಕ ಗಾಳಿ ಹೊಡೀಬಹುದೇನ್ರೀ?"

ಹಾಜಿರಾ ಗಾಲಿಯ ಕಡೆ ನೋಡಲಿಲ್ಲ.

"ಅವರನ್ನ ಕೇಳ್ರಿ," ಎಂದಳು.